ಸಾರಕ್ಕಿ ಚೌಡಮ್ಮನ ಮೇಲೆ ಭಾರತ ರಕ್ಷಣಾ ನಿಯಮ

೧೯೬೫ರಲ್ಲಿ ನಾನು ಮೈಸೂರು ಹೈಕೋರ್ಟಿನಲ್ಲಿ ಕಿರಿಯ ವಕೀಲೆ. ಸನ್ನದು ಪಡೆದು ನಾಲ್ಕನೇ ವರ್ಷ ನಡೆಯುತ್ತಿತ್ತು. ವಿಲ್ಸನ್ ಗಾರ್ಡನ್ನಿನಲ್ಲಿ ಮನೆಯ ಮುಂಭಾಗವನ್ನೇ ಆಫೀಸು ಮಾಡಿಕೊಂಡಿದ್ದ ಹಿರಿಯ ವಕೀಲ ಶ್ರೀಕಂಠಯ್ಯನವರ ಬಳಿ ಕೆಲಸ ಕಲಿಯುತ್ತಿದ್ದೆ. ನಮ್ಮ ಮನೆ ಜಯನಗರದ ಮೂರನೇ ಬ್ಲಾಕಿನಲ್ಲಿತ್ತು. ಬಡಾವಣೆಯಲ್ಲಿ ಕಟ್ಟಿದ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಾಗಿದ್ದ ಕಾಲ ಅದು. ಯಡಿಯೂರು ದಾಟಿ ದಕ್ಷಿಣಕ್ಕೆ ಹೋದರೆ ಸಾರಕ್ಕಿಯ ಹೂವಿನ ತೋಟಗಳು, ಅದರಾಚೆ ಹೊಲ, ಕೆರೆ, ಮತ್ತೆ ಹಳ್ಳಿ. ನಮ್ಮ ಆಫೀಸಿಗೆ ಬರುತ್ತಿದ್ದವು ಜಮೀನಿನ ಪಾಲು, ಬಾಡಿಗೆ ತಕರಾರು, ವಿಲ್ಲು ಇಂಥವೇ. ಸಂವಿಧಾನವನ್ನು ನಾನು ಪರೀಕ್ಷೆಗೆಂದು ಓದಿದ್ದೆನೇ ಹೊರತು, ಅದನ್ನು ಕೈಯಲ್ಲಿ ಹಿಡಿದು ನ್ಯಾಯಾಧೀಶರ ಮುಂದೆ ನಿಲ್ಲುವ ಪ್ರಸಂಗ ಬಂದಿರಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ ಶುರುವಾಯಿತು. ನನ್ನ ತಮ್ಮ ಪ್ರಭಾಕರ ಸೈನ್ಯದಲ್ಲಿ ಸೆಕೆಂಡ್ ಲೆಫ್ಟಿನೆಂಟ್ ಆಗಿದ್ದ. ಪಂಜಾಬಿನ ಗಡಿಯಲ್ಲಿದ್ದಾನೆ ಎಂಬುದರ ಹೊರತು ನಮಗೇನೂ ಗೊತ್ತಿರಲಿಲ್ಲ. ಅಮ್ಮ ಅಡಿಗೆಮನೆಯಲ್ಲಿದ್ದ ಈಳಿಗೆಮಣೆಯನ್ನು ನಡುಮನೆಗೆ ತಂದು, ರೇಡಿಯೋ ಪಕ್ಕದಲ್ಲೇ ಕೂತು ತರಕಾರಿ ಹೆಚ್ಚುತ್ತಿದ್ದಳು. ವಾರ್ತೆ ಬಂದಾಗ ಅವಳ ಕೈ ನಿಲ್ಲುತ್ತಿತ್ತು. 

ಇಂಥ ದಿನಗಳಲ್ಲೇ ಒಂದು ಬೆಳಿಗ್ಗೆ ಸಾರಕ್ಕಿಯ ಪಿಳ್ಳಪ್ಪ ಎಂಬಾತ ನಮ್ಮ ಆಫೀಸಿನ ಜಗಲಿಯಲ್ಲಿ ಬಂದು ನಿಂತ. ಕಾಕಡ, ಕನಕಾಂಬರ ಬೆಳೆದು ಸಿಟಿ ಮಾರ್ಕೆಟ್ಟಿಗೆ ಹಾಕುವವನು. ಹಿಂದೆ ಅವನ ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯವನ್ನು ನಾವೇ ನಡೆಸಿದ್ದೆವು. ಕೂತುಕೋ ಎಂದರೂ ಕೂರಲಿಲ್ಲ.

“ನಮ್ಮ ಮನೆಯೋಳ್ನ ಪೊಲೀಸ್ನೋರು ಎತ್ತಾಕ್ಕೊಂಡು ಹೋದ್ರು ಸಾಮಿ. ಏನ್ ಕೇಸು ಅಂತ ಕೇಳಿದ್ರೆ ಕೇಸೇ ಇಲ್ಲ ಅಂತಾರೆ. ಕೇಸಿಲ್ದೆ ಹೆಂಗ್ ಸಾಮಿ ಜೈಲ್ಗೆ ಹಾಕ್ತಾರೆ?”

ಶ್ರೀಕಂಠಯ್ಯನವರು ಕನ್ನಡಕ ತೆಗೆದಿಟ್ಟರು. “ಹಾಕಬಹುದು ಪಿಳ್ಳಪ್ಪ. ಈಗ ಹಾಕಬಹುದು” ಎಂದರು.

ಅವನ ಹೆಂಡತಿ ಚೌಡಮ್ಮ ಯಡಿಯೂರಿನ ಆಚೆ ಇದ್ದ ಒಂದು ಖಾಸಗಿ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಳು. ಆ ಕಾರ್ಖಾನೆ ಈಗಿಲ್ಲ, ಮಾಲೀಕರೂ ಇಲ್ಲ, ಹೆಸರು ಬೇಡ. ಯುದ್ಧ ಬರುತ್ತಲೂ ಅದಕ್ಕೆ ಸೈನ್ಯದ ಖಾಕಿ ಅಂಗಿಗಳ ದೊಡ್ಡ ಆರ್ಡರು ಸಿಕ್ಕಿತ್ತು. ಬೆಳಿಗ್ಗೆ ಬಂದ ಹೆಂಗಸರನ್ನೇ ರಾತ್ರಿಯವರೆಗೂ ಕೂರಿಸಿ ಹೊಲಿಸತೊಡಗಿದರು. ಅವರೆಲ್ಲ ಸಾರಕ್ಕಿ, ವಸಂತಪುರ, ಇನ್ನೂ ಆಚೆಯ ಹಳ್ಳಿಗಳವರು. ಬೀದಿದೀಪವಿಲ್ಲದ ದಾರಿಯಲ್ಲಿ, ಹೊಲದ ಬದುವಿನ ಮೇಲೆ ನಡೆದು ಮನೆ ಸೇರಬೇಕು. ಹಾಗೆ ಹೋಗುತ್ತಿದ್ದಾಗ ವಸಂತಪುರದ ಒಬ್ಬ ಹುಡುಗಿಯನ್ನು ಯಾರೋ ಅಟ್ಟಿಸಿಕೊಂಡು ಬಂದರು. ಅವಳು ಕೆರೆಯ ಏರಿಯಿಂದ ಜಾರಿ ಬಿದ್ದು ಕೈ ಮುರಿದುಕೊಂಡಳು. ಮರುದಿನ ಚೌಡಮ್ಮ ಕಾರ್ಖಾನೆಯಲ್ಲಿ ಎದ್ದು ನಿಂತು, ಏಳು ಗಂಟೆ ಆದ ಮೇಲೆ ಹೆಂಗಸರು ಯಾರೂ ಮಷೀನ್ ಮುಂದೆ ಕೂರುವುದಿಲ್ಲ ಎಂದಳು. ಏಳಾದೊಡನೆ ಅಷ್ಟೂ ಜನ ಎದ್ದು ಹೊರಟರು. ಮೂರು ಸಂಜೆ ಹೀಗೆ ನಡೆಯಿತು. ನಾಲ್ಕನೆಯ ದಿನ ಬೆಳಿಗ್ಗೆ ಅವಳ ಮನೆ ಮುಂದೆ ಪೊಲೀಸ್ ವ್ಯಾನು ಬಂತು.

ಇದರಲ್ಲಿನ ವಿಪರೀತವನ್ನು ಓದುಗರು ಗಮನಿಸಬೇಕು. ಸಂಜೆ ಏಳರಿಂದ ಬೆಳಿಗ್ಗೆ ಆರರವರೆಗೆ ಹೆಂಗಸರನ್ನು ಕಾರ್ಖಾನೆಯಲ್ಲಿ ದುಡಿಸಬಾರದು ಎಂದು ೧೯೪೮ರ ಫ್ಯಾಕ್ಟರೀಸ್ ಆಕ್ಟೇ ಹೇಳುತ್ತಿತ್ತು. ಅದನ್ನು ಸಡಿಲಿಸಲು ಸರ್ಕಾರದ ಅನುಮತಿ ಬೇಕಿತ್ತು. ಈ ಕಾರ್ಖಾನೆಗೆ ಆ ಅನುಮತಿ ಇರಲಿಲ್ಲ. ಚೌಡಮ್ಮನಿಗೆ ಅಂಥ ಕಾನೂನು ಇದೆಯೆಂಬುದೇ ಗೊತ್ತಿರಲಿಲ್ಲ. ಕತ್ತಲಾಗುವ ಹೊತ್ತು ಏಳು ಗಂಟೆ, ಅದಕ್ಕೇ ಏಳು ಎಂದಿದ್ದಳು. ಕಾನೂನನ್ನು ಮುರಿದವರು ಹೊರಗಿದ್ದರು, ತಿಳಿಯದೆಯೇ ಅದನ್ನು ಪಾಲಿಸಿದವಳು ಜೈಲಿನಲ್ಲಿದ್ದಳು.

ಆಗಿನ ಕಾನೂನಿನ ಸ್ಥಿತಿಯನ್ನು ಸ್ವಲ್ಪ ವಿವರಿಸಬೇಕು. ಚೀನಾ ಯುದ್ಧದ ಕಾಲದಲ್ಲಿ, ೧೯೬೨ರ ಅಕ್ಟೋಬರಿನಲ್ಲಿ, ದೇಶದಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಗಿತ್ತು. ಆ ಯುದ್ಧ ನಿಂತರೂ ಘೋಷಣೆಯನ್ನು ಹಿಂದಕ್ಕೆ ಪಡೆದಿರಲಿಲ್ಲ. ಜೊತೆಗೆ ಭಾರತ ರಕ್ಷಣಾ ಕಾಯಿದೆ, ಅದರಡಿಯಲ್ಲಿ ನಿಯಮಗಳು. ದೇಶದ ರಕ್ಷಣೆಗೋ ಸಾರ್ವಜನಿಕ ಸುವ್ಯವಸ್ಥೆಗೋ ಒಬ್ಬ ವ್ಯಕ್ತಿಯಿಂದ ಧಕ್ಕೆಯಾಗಬಹುದು ಎಂದು ಅಧಿಕಾರಿಗೆ ಮನವರಿಕೆಯಾದರೆ ಸಾಕು, ಆತನನ್ನು ಬಂಧನದಲ್ಲಿಡಬಹುದು. ಅಪರಾಧ ನಡೆದಿರಬೇಕಿಲ್ಲ. ಕಾರಣವನ್ನು ಬಂಧಿತನಿಗೆ ತಿಳಿಸಬೇಕಿಲ್ಲ. ೧೯೫೦ರ ನಿವಾರಕ ಬಂಧನ ಕಾಯಿದೆ ಕೂಡ ಕಠಿಣವೇ, ಆದರೆ ಅದರಲ್ಲಿ ಕಾರಣಗಳನ್ನು ಬರೆದು ಕೊಡಬೇಕಿತ್ತು, ಸಲಹಾ ಮಂಡಳಿಯ ಮುಂದೆ ಇಡಬೇಕಿತ್ತು. ರಕ್ಷಣಾ ನಿಯಮಗಳಲ್ಲಿ ಅಷ್ಟೂ ಇರಲಿಲ್ಲ. ಇದಕ್ಕೆಲ್ಲ ಮೇಲೆ ರಾಷ್ಟ್ರಪತಿಯವರ ಒಂದು ಆದೇಶ. ಈ ನಿಯಮಗಳಡಿ ಬಂಧಿತರಾದವರು ಸಮಾನತೆ, ಜೀವ ಮತ್ತು ಸ್ವಾತಂತ್ರ್ಯ, ಬಂಧನದಿಂದ ರಕ್ಷಣೆ ಎಂಬ ಮೂಲಭೂತ ಹಕ್ಕುಗಳನ್ನು ಹೇಳಿಕೊಂಡು ಕೋರ್ಟಿಗೆ ಬರುವಂತಿಲ್ಲ ಎಂದು ಅದು ಹೇಳುತ್ತಿತ್ತು. ಹಕ್ಕುಗಳು ಸಂವಿಧಾನದ ಪುಟದಲ್ಲಿದ್ದವು. ಅವುಗಳ ಹೆಸರು ಹೇಳಿ ಕೋರ್ಟಿನ ಬಾಗಿಲು ತಟ್ಟುವಂತಿರಲಿಲ್ಲ, ಅಷ್ಟೆ.

“ಹಾಗಾದ್ರೆ ದಾರಿಯೇ ಇಲ್ವಾ ಸಾರ್?” ಎಂದು ಕೇಳಿದೆ.

“ಓದಮ್ಮ. ಇಲ್ಲ ಅಂತ ಎಲ್ಲರೂ ಹೇಳ್ತಾರೆ. ನೀನು ಓದಿ ಬಂದು ಹೇಳು” ಎಂದರು ಶ್ರೀಕಂಠಯ್ಯನವರು.

ಅಂದಿನಿಂದ ಹೈಕೋರ್ಟಿದ್ದ ಅಠಾರ ಕಚೇರಿ ಕಟ್ಟಡದ ವಕೀಲರ ಗ್ರಂಥಾಲಯದಲ್ಲಿ ಕೂತು ಕಾಯಿದೆ, ನಿಯಮ, ಅದುವರೆಗಿನ ತೀರ್ಪುಗಳನ್ನು ಓದತೊಡಗಿದೆ. ಓದಿದಷ್ಟೂ ದಾರಿ ಮುಚ್ಚಿದಂತೆಯೇ ಕಾಣುತ್ತಿತ್ತು. ಒಂದು ಕಡೆ ಮಾತ್ರ ಸ್ವಲ್ಪ ಬೆಳಕು ಕಂಡಿತು. ಹಕ್ಕಿನ ಹೆಸರಿನಲ್ಲಿ ಬರಲಾಗದಿದ್ದರೂ, ಬಂಧನದ ಆದೇಶ ಈ ಕಾಯಿದೆಗೇ ಸರಿಯಾಗಿಲ್ಲ ಅಥವಾ ದುರುದ್ದೇಶದಿಂದ ಕೂಡಿದೆ ಎಂದು ಕೇಳುವ ಅವಕಾಶ ಉಳಿದಿದೆ ಎಂದು ಸುಪ್ರೀಂ ಕೋರ್ಟು ಹೇಳಿತ್ತು. ಹೋಗಿ ಹೇಳಿದೆ. ಶ್ರೀಕಂಠಯ್ಯನವರಿಗೆ ಅದು ಮೊದಲೇ ಗೊತ್ತಿತ್ತು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. “ಅಷ್ಟೇ ಸಂದು. ಅದರಲ್ಲೇ ನುಗ್ಗಬೇಕು” ಎಂದರು.

ಮನೆಯಲ್ಲಿ ವಿಷಯ ತಿಳಿದ ದಿನ ಅಮ್ಮ ನನಗೆ ಊಟ ಬಡಿಸಲಿಲ್ಲ. ತಟ್ಟೆ ಇಟ್ಟು ಎದ್ದು ಹೋದಳು. ಆಮೇಲೆ ಬಾಗಿಲಲ್ಲಿ ನಿಂತು ಕೇಳಿದಳು. “ಅವನು ಅಲ್ಲಿ ಗುಂಡಿಗೆ ಎದೆ ಕೊಟ್ಟು ನಿಂತಿದಾನೆ. ಅವನು ಹಾಕ್ಕೊಳ್ಳೋ ಅಂಗಿ ಹೊಲಿಯಲ್ಲ ಅಂದವಳ ಪರವಾಗಿ ನೀನು ಇಲ್ಲಿ ಕೋಟು ಹಾಕ್ಕೊಂಡು ನಿಲ್ತೀಯ?”

“ಹೊಲಿಯಲ್ಲ ಅಂದಿಲ್ಲಮ್ಮ ಅವಳು. ಕತ್ತಲಾದ ಮೇಲೆ ಹೊಲಿಯಲ್ಲ ಅಂದಳು.”

“ಅವನಿಗೆ ಅಲ್ಲಿ ಕತ್ತಲು ಬೆಳಕು ಅಂತ ಇದೆಯಾ?”

ನನಗೂ ಪ್ರಭಾಕರನ ಯೋಚನೆಯಲ್ಲಿ ಓದು ತಲೆಗೆ ಹತ್ತದ ದಿನಗಳಿದ್ದವು. ಅಕ್ಕಪಕ್ಕದವರು ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ಹೈಕೋರ್ಟಿನಲ್ಲಿ ಪರಿಚಿತ ವಕೀಲರೊಬ್ಬರು, ಯುದ್ಧದ ಕಾಲದಲ್ಲಿ ಇಂಥ ಕೇಸು ಹಿಡಿದರೆ ಮುಂದೆ ಕಷ್ಟ ಎಂದು ಹಿತವಚನದಂತೆ ಹೇಳಿ ಹೋದರು.

ಜೈಲಿನಲ್ಲಿ ಚೌಡಮ್ಮನನ್ನು ಭೇಟಿ ಮಾಡಲು ಅನುಮತಿ ಸಿಗುವ ಹೊತ್ತಿಗೆ ಯುದ್ಧವಿರಾಮವಾಗಿತ್ತು. ಪ್ರಭಾಕರನಿಂದ ಇನ್ನೂ ಸುದ್ದಿ ಇರಲಿಲ್ಲ. ಹೆಣ್ಣು ವಾರ್ಡಿನ ಪಕ್ಕದ ಕೋಣೆಯಲ್ಲಿ ಕಾವಲಿನವಳೊಬ್ಬಳು ಕೂತಿದ್ದಂತೆಯೇ ಮಾತಾಡಬೇಕಾಯಿತು. ಮೂವತ್ತು ದಾಟಿದ, ಎತ್ತರದ ಹೆಂಗಸು. ಜೈಲಿನ ಸೀರೆಯನ್ನು ಮೇಲೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು, ಈಗಲೇ ತೋಟಕ್ಕೆ ಇಳಿಯುವವಳಂತೆ.

“ಭಾರತ ರಕ್ಷಣೆ ಅಂತ ಓದಿ ಹೇಳಿದ್ರು. ನಾನ್ ಭಾರತಕ್ಕೆ ಏನ್ ಮಾಡ್ದೆ ಲಾಯರಮ್ಮ?” ಎಂದಳು. ಕೋಪ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಬೇಕೆಂದೇ ಕೇಳಿದಳು.

ನಾನು ಹೋದದ್ದು ಇನ್ನೊಂದು ವಿಷಯ ಹೇಳಲಿಕ್ಕೆ. ಹಿಂದಿನ ದಿನ ಕಾರ್ಖಾನೆಯ ಮೇಸ್ತ್ರಿಯೊಬ್ಬ ಪಿಳ್ಳಪ್ಪನ ಮನೆಗೆ ಬಂದಿದ್ದ. ಇನ್ನು ಮುಂದೆ ಕಾರ್ಖಾನೆಯ ವಿಷಯಕ್ಕೆ ಬರುವುದಿಲ್ಲ, ಮಾಡಿದ್ದು ತಪ್ಪಾಯಿತು ಎಂದು ಚೌಡಮ್ಮ ಬರೆದುಕೊಟ್ಟರೆ, ಮಾಲೀಕರು ಮೇಲಿನವರಿಗೆ ಹೇಳಿ ಬಿಡಿಸುತ್ತಾರಂತೆ. ಪಿಳ್ಳಪ್ಪ ನಮ್ಮಲ್ಲಿಗೆ ಓಡಿ ಬಂದು ಅಂಗಲಾಚಿದ್ದ. “ಒಂದು ಹೆಬ್ಬೆಟ್ಟು ಒತ್ತಿಬಿಡು ಅನ್ನಿ ಅವ್ಳಿಗೆ. ಮಗ ರಾತ್ರಿಯೆಲ್ಲ ಅಮ್ಮ ಅಮ್ಮ ಅಂತದೆ. ನಮ್ಮವ್ವನ ಕೈಲಿ ಆಗಾಕಿಲ್ಲ. ನಂಗೆ ಕೋರ್ಟು ಬ್ಯಾಡ, ಹೆಂಡ್ತಿ ಬೇಕು.”

ಅವನು ಹೇಳಿದ್ದನ್ನು ಒಂದೂ ಬಿಡದೆ ಅವಳಿಗೆ ಹೇಳಿದೆ. ಕೇಸು ಗೆಲ್ಲುವ ಭರವಸೆ ಕಡಿಮೆ ಎಂಬುದನ್ನೂ ಹೇಳಿದೆ. ಮಗನ ಮಾತು ಬಂದಾಗ ಅವಳು ಗೋಡೆಯ ಕಡೆ ತಿರುಗಿದಳು.

“ತಪ್ಪಾಯ್ತು ಅಂತ ಬರ್ಕೊಟ್ರೆ, ಆ ವಸಂತಪುರದ ಮಗು ಕೈ ಮುರ್ಕೊಂಡಿದ್ದು ಸರಿ ಅಂತ ಆಗ್ತದಲ್ವಾ?” ಎಂದಳು. “ಅದು ಈಗ ಮನೆ ಬಾಗ್ಲು ದಾಟ್ತಿಲ್ಲವಂತೆ. ನಾನ್ ಹೋಗಿ ಕೆಲ್ಸಕ್ಕೆ ಸೇರಿಸಿದ್ದು ಅದನ್ನ. ಒತ್ತಾಕಿಲ್ಲ ಬಿಡಿ. ನಮ್ಮೆಜಮಾನ್ರಿಗೆ ಹೇಳಿ, ಮಗೀಗೆ ರಾತ್ರಿ ಹಾಲಿಗೆ ಒಸಿ ಬೆಲ್ಲ ಹಾಕಿ ಕೊಡಕ್ಕೆ. ಮಲಗ್ತದೆ.”

ಹೊರಟಾಗ ಹಿಂದಿನಿಂದ ಕೂಗಿ ಕೇಳಿದಳು. “ನಿಮ್ ತಮ್ಮಾರು ಯುದ್ಧಕ್ಕೆ ಹೋಗವ್ರಂತೆ, ನಮ್ಮೆಜಮಾನ್ರು ಅಂದ್ರು. ಸುದ್ದಿ ಬಂತಾ?” ಇಲ್ಲ ಎಂದು ತಲೆಯಾಡಿಸಿದೆ. ಅವಳು ಕಣ್ಣು ಮುಚ್ಚಿ ಕೈ ಮುಗಿದಳು. ಯಾವ ದೇವರಿಗೋ ತಿಳಿಯದು. ನಾನು ಜೈಲಿನಿಂದ ಬಸ್ ಸ್ಟಾಪಿನವರೆಗೆ ಅಳುತ್ತಲೇ ಬಂದೆ.

ಪಿಳ್ಳಪ್ಪನ ಹೆಸರಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದೆವು. ಬಂಧನದಲ್ಲಿರುವವರನ್ನು ಯಾವ ಕಾನೂನಿನ ಬಲದ ಮೇಲೆ ಹಿಡಿದಿಟ್ಟಿದ್ದೀರಿ ಎಂದು ಕೋರ್ಟು ಸರ್ಕಾರವನ್ನು ಕೇಳುವಂತೆ ಮಾಡುವ ಅರ್ಜಿ ಅದು. ಇಬ್ಬರು ನ್ಯಾಯಾಧೀಶರ ಪೀಠದ ಮುಂದೆ ಬಂತು. ಸರ್ಕಾರಿ ವಕೀಲರು ಎದ್ದು, ರಾಷ್ಟ್ರಪತಿಗಳ ಆದೇಶವನ್ನು ಓದಿ, ಈ ಅರ್ಜಿಯನ್ನು ಬಾಗಿಲಲ್ಲೇ ವಾಪಸು ಕಳಿಸಬೇಕು ಎಂದು ಹೇಳಿ ಕೂತರು. ಕಿರಿಯ ನ್ಯಾಯಾಧೀಶರು ನಮ್ಮ ಕಡೆ ನೋಡಿದ ರೀತಿಯಲ್ಲೇ ಮುಗಿಯಿತು ಅನ್ನಿಸಿತು.

ಶ್ರೀಕಂಠಯ್ಯನವರು ಧ್ವನಿ ಏರಿಸುವವರಲ್ಲ. ನಾವು ಹಕ್ಕನ್ನು ಕೇಳುತ್ತಿಲ್ಲ, ಕಾಯಿದೆಯನ್ನೇ ಕೇಳುತ್ತಿದ್ದೇವೆ ಎಂದರು. ಅಧಿಕಾರಿಗೆ ಮನವರಿಕೆಯಾಗಬೇಕು ಎಂದು ಕಾಯಿದೆ ಹೇಳುತ್ತದೆ, ಆಗಿದೆಯೇ? ಆಮೇಲೆ ಬಂಧನದ ಆದೇಶವನ್ನು ಓದಿದರು. ಅದು ಒಂದೇ ಮಾದರಿಯಿಂದ ನೂರಾರು ಪ್ರತಿ ತೆಗೆಯುವಂತೆ ಸೈಕ್ಲೋಸ್ಟೈಲ್ ಮಾಡಿದ ಹಾಳೆ. ಹೆಸರು, ಊರು ಮಾತ್ರ ಟೈಪ್ ಮಾಡಿ ತುಂಬಿದ್ದು. ಕಾಯಿದೆಯಲ್ಲಿದ್ದ ಕಾರಣಗಳೆಲ್ಲ ಅದರಲ್ಲಿ ಸಾಲಾಗಿದ್ದವು. ಭಾರತದ ರಕ್ಷಣೆ, ಸಾರ್ವಜನಿಕ ಸುರಕ್ಷತೆ, ಸುವ್ಯವಸ್ಥೆ, ಸೇನಾ ಕಾರ್ಯಾಚರಣೆ, ವಿದೇಶಗಳೊಂದಿಗಿನ ಸಂಬಂಧ. ಬೇಡದ್ದನ್ನು ಹೊಡೆದು ಹಾಕಿರಲಿಲ್ಲ.

ಹಿರಿಯ ನ್ಯಾಯಾಧೀಶರು ಹಾಳೆಯನ್ನು ತರಿಸಿಕೊಂಡು ನೋಡಿದರು. ಸರ್ಕಾರಿ ವಕೀಲರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದ ಮಾತಿನ ಅರ್ಥ ಇದು: “ಸಾರಕ್ಕಿಯ ಒಬ್ಬ ಹೊಲಿಗೆಯಾಕೆ ವಿದೇಶಗಳೊಂದಿಗಿನ ನಮ್ಮ ಸಂಬಂಧವನ್ನು ಹೇಗೆ ಕೆಡಿಸಬಲ್ಲಳು?”

ಹಿಂದೆ ಯಾರೋ ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಸರ್ಕಾರದ ಪ್ರಮಾಣಪತ್ರವನ್ನು ಯಾರು ಸಲ್ಲಿಸಿದ್ದಾರೆ ಎಂದು ನೋಡಿದರು. ಇಲಾಖೆಯ ಬೇರೊಬ್ಬ ನೌಕರ. “ಮನವರಿಕೆಯಾದದ್ದು ಒಬ್ಬರಿಗೆ, ಪ್ರಮಾಣ ಮಾಡುತ್ತಿರುವುದು ಇನ್ನೊಬ್ಬರು. ಸಹಿ ಹಾಕಿದವರೇ ಬಂದು ಹೇಳಲಿ” ಎಂದು ಒಂದು ವಾರ ಕಾಲ ಕೊಟ್ಟರು.

ಹೊರಗೆ ಬಂದಾಗ ನನಗೆ ಗೆದ್ದಷ್ಟೇ ಖುಷಿ. ಶ್ರೀಕಂಠಯ್ಯನವರು ತಲೆ ಅಲ್ಲಾಡಿಸಿದರು. “ಏನೂ ಗೆದ್ದಿಲ್ಲಮ್ಮ. ಕಾಗದಗಳನ್ನೆಲ್ಲ ಚೆನ್ನಾಗಿ ಓದಿದೆ, ಮನವರಿಕೆಯಾಯಿತು, ಸಹಿ ಹಾಕಿದೆ ಅಂತ ಆತ ಮೂರು ಸಾಲು ಪ್ರಮಾಣ ಮಾಡಿದ್ರೆ ಮುಗೀತು. ಓದಿದ್ದು ಸಾಕಾಗಿತ್ತಾ, ಮನವರಿಕೆ ಸರಿಯಾದ್ದಾ ಅಂತ ಕೋರ್ಟು ಕೇಳೋಹಾಗಿಲ್ಲ. ಮೂರೇ ಸಾಲು.”

ಆ ವಾರ ನನಗೆ ನೆನಪಿರುವ ಮಟ್ಟಿಗೆ ನನ್ನ ವೃತ್ತಿಯ ಅತಿ ಉದ್ದದ ವಾರ. ಒಬ್ಬ ಅಪರಿಚಿತ ಮನುಷ್ಯ ಮೂರು ಸಾಲು ಬರೆಯುತ್ತಾನೋ ಇಲ್ಲವೋ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಬರೆಯದಿರಲು ಅವನಿಗೆ ಒಂದು ಕಾರಣವೂ ಇರಲಿಲ್ಲ. ಬರೆದರೆ ಅದನ್ನು ಸುಳ್ಳೆಂದು ಸಾಧಿಸುವ ದಾರಿ ನಮಗಿರಲಿಲ್ಲ. ಪಿಳ್ಳಪ್ಪ ದಿನವೂ ಹೂ ಮಾರಿ ಬರುವಾಗ ಆಫೀಸಿಗೆ ಬಂದು ಜಗಲಿಯಲ್ಲಿ ನಿಲ್ಲುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ನಾನು ಇಲ್ಲ ಎನ್ನುವಂತೆ ಕೈಯಾಡಿಸಿದರೆ ಹೊರಟುಹೋಗುತ್ತಿದ್ದ.

ಸಹಿ ಹಾಕಿದ ಆ ಅಧಿಕಾರಿಯ ಹೆಸರನ್ನೂ ಹುದ್ದೆಯನ್ನೂ ಬರೆಯುವುದಿಲ್ಲ. ವಿಚಾರಣೆಯ ದಿನ ಆತ ಕೋರ್ಟಿಗೆ ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂತಿದ್ದರು. ಐವತ್ತರ ಆಸುಪಾಸಿನ, ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡ, ಯಾರನ್ನೂ ನೋಡದ ಮನುಷ್ಯ. ಸರ್ಕಾರಿ ವಕೀಲರು ಪ್ರಮಾಣಪತ್ರವನ್ನು ಪೀಠಕ್ಕೆ ಕೊಡುವಾಗ ಅವರ ಮುಖ ಗಂಟಿಕ್ಕಿತ್ತು. ಪ್ರತಿ ನಮ್ಮ ಕೈಗೆ ಬಂತು. ನಾನು ಓದಿ ಶ್ರೀಕಂಠಯ್ಯನವರಿಗೆ ಕೊಟ್ಟೆ. ಅವರು ಓದಿ ಮತ್ತೆ ಮೊದಲಿನಿಂದ ಓದಿದರು.

ಯುದ್ಧದ ಆ ದಿನಗಳಲ್ಲಿ ಒಂದು ಸಂಜೆ ತಮ್ಮ ಮುಂದೆ ಬಂಧನದ ಆದೇಶಗಳ ಒಂದು ಕಟ್ಟು ಬಂತು, ತಾವು ಸಹಿ ಹಾಕಿದ್ದು ನಿಜ, ಈ ಆದೇಶವೂ ಅದರಲ್ಲಿತ್ತು ಎಂದು ಆತ ಬರೆದಿದ್ದರು. ಕೊನೆಯ ವಾಕ್ಯ: ‘ಈ ಹೆಂಗಸಿಗೆ ಸಂಬಂಧಿಸಿದ ವರದಿಯನ್ನು ಸಹಿಗೆ ಮುಂಚೆ ನಾನು ಓದಿದ್ದೆ ಎಂದು ಪ್ರಮಾಣ ಮಾಡಿ ಹೇಳಲಾರೆ.’

ಹಿರಿಯ ನ್ಯಾಯಾಧೀಶರು ಆತನನ್ನು ಎದ್ದು ನಿಲ್ಲಲು ಹೇಳಿ, “ಇದರ ಪರಿಣಾಮ ನಿಮಗೆ ಗೊತ್ತಿದೆಯೇ?” ಎಂದು ಕೇಳಿದರು. “ಗೊತ್ತಿದೆ” ಎಂದರು ಆತ. ಅಷ್ಟೆ. ಆದೇಶ ರದ್ದಾಯಿತು. ಚೌಡಮ್ಮನನ್ನು ಕೂಡಲೇ ಬಿಡಬೇಕೆಂದು ಪೀಠ ಹೇಳಿತು.

ಆದರೆ ನಿಜವಾದ ಆತಂಕ ಶುರುವಾದದ್ದು ಆಮೇಲೆ. ಓದದೆ ಹಾಕಿದ ಸಹಿ ರದ್ದಾಗಿತ್ತು, ನಿಜ. ಓದಿ ಹೊಸದಾಗಿ ಸಹಿ ಹಾಕಲು ಕಾನೂನಿನಲ್ಲಿ ಯಾವ ಅಡ್ಡಿಯೂ ಇರಲಿಲ್ಲ. ಒಂದು ಆದೇಶದಿಂದ ಬಿಡುಗಡೆಯಾದವರನ್ನು ಜೈಲಿನ ಬಾಗಿಲಲ್ಲೇ ಇನ್ನೊಂದು ಆದೇಶ ಕೊಟ್ಟು ಹಿಡಿದದ್ದನ್ನು ನಾವು ಕೇಳಿದ್ದೆವು.

“ಇವತ್ತೇ ಬಿಡಿಸ್ಕೋಬೇಕು. ನಾಳೆ ಅನ್ನೋಹೊತ್ತಿಗೆ ಇನ್ನೊಂದು ಆರ್ಡರ್ ಬಂದುಬಿಟ್ಟಿರುತ್ತೆ” ಎಂದು ಶ್ರೀಕಂಠಯ್ಯನವರು ಅವಸರಪಡಿಸಿದರು. ತೀರ್ಪಿನ ಪ್ರತಿ ಪಡೆದು, ಆಟೋ ಹಿಡಿದು, ಪಿಳ್ಳಪ್ಪನನ್ನೂ ಕೂರಿಸಿಕೊಂಡು ಜೈಲಿಗೆ ಹೋದೆವು. ಹೋಗುವಷ್ಟರಲ್ಲಿ ಗೇಟಿನ ಎದುರು ಮರದ ಕೆಳಗೆ ಪೊಲೀಸ್ ಜೀಪು ನಿಂತಿತ್ತು.

ಒಳಗೆ ಕಾಗದ ಕೊಟ್ಟೆವು. ಪರಿಶೀಲಿಸುತ್ತೇವೆ, ಕಾಯಿರಿ ಎಂದರು. ನಾನು ಹೊರಗೆ ಬಂದು ಜೀಪಿನ ಹತ್ತಿರ ಹೋದೆ. ಹೋಗಬಾರದಿತ್ತೇನೋ, ಸುಮ್ಮನಿರಲು ಆಗಲಿಲ್ಲ. ಒಳಗೆ ಕೂತಿದ್ದ ಇನ್‌ಸ್ಪೆಕ್ಟರ್ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡಿದ್ದರು.

“ಏನ್ ಸಾರ್, ಯಾರಿಗೋಸ್ಕರ ಕಾಯ್ತಿದೀರಿ?”

“ನಿಮಗೆ ಗೊತ್ತಲ್ಲ ಮೇಡಂ” ಎಂದರು ಆತ. ಮಾತಿನಲ್ಲಿ ಒರಟುತನವಿರಲಿಲ್ಲ. “ಒಂದು ಕಾಗದ ಬರುತ್ತೆ, ಇಲ್ಲೇ ಇರು ಅಂದಿದಾರೆ. ಬಂದ್ರೆ ಕೊಡ್ಬೇಕು. ನಂದೇನಿದೆ ಹೇಳಿ.”

ಬಿಸಿಲು ಇಳಿಯಿತು. ಪಿಳ್ಳಪ್ಪ ಗೇಟಿನ ಪಕ್ಕದ ಗೋಡೆಗೆ ಒರಗಿ, ಆ ಜೀಪನ್ನೇ ನೋಡುತ್ತ ಕುಕ್ಕರುಗಾಲಲ್ಲಿ ಕೂತಿದ್ದ. ದೊಡ್ಡ ಬಾಗಿಲಿನಲ್ಲಿದ್ದ ಸಣ್ಣ ಬಾಗಿಲು ಕೊನೆಗೂ ತೆರೆಯಿತು. ಚೌಡಮ್ಮ ತಲೆ ಬಗ್ಗಿಸಿ ಒಂದು ಕಾಲು ಹೊರಗಿಟ್ಟಳು. ಅದೇ ಹೊತ್ತಿಗೆ ರಸ್ತೆಯ ತಿರುವಿನಿಂದ ಮೋಟಾರ್ ಸೈಕಲ್ಲೊಂದು ಬಂದು ಜೀಪಿನ ಪಕ್ಕ ನಿಂತಿತು. ಪೊಲೀಸಿನವನು ಇನ್‌ಸ್ಪೆಕ್ಟರ ಕೈಗೆ ಒಂದು ಚೀಟಿ ಕೊಟ್ಟ.

ಚೌಡಮ್ಮ ಜೀಪನ್ನು ನೋಡಿದಳು. ಇಟ್ಟ ಕಾಲನ್ನು ಹಿಂದಕ್ಕೆ ತೆಗೆಯಲೂ ಇಲ್ಲ, ಇನ್ನೊಂದನ್ನು ಮುಂದಿಡಲೂ ಇಲ್ಲ. ಶ್ರೀಕಂಠಯ್ಯನವರು ನನ್ನ ಮೊಣಕೈ ಹಿಡಿದುಕೊಂಡರು. ಇನ್‌ಸ್ಪೆಕ್ಟರ್ ಚೀಟಿ ಓದಿ, ಮಡಿಸಿ, ಜೇಬಿನಲ್ಲಿಟ್ಟುಕೊಂಡು ಟೋಪಿ ಹಾಕಿಕೊಂಡರು. ಕೆಳಗಿಳಿದು ಬರುತ್ತಾರೆ ಎಂದುಕೊಂಡೆ.

“ಗಾಡಿ ತೆಗಿಯಪ್ಪ” ಎಂದರು ಡ್ರೈವರಿಗೆ. ಜೀಪು ಹಿಂದಕ್ಕೆ ಸರಿದು, ತಿರುಗಿ, ಹೊರಟುಹೋಯಿತು.

ಪಿಳ್ಳಪ್ಪ ಎದ್ದವನು ಹೆಂಡತಿಯ ಹತ್ತಿರ ಹೋಗಿ, ಏನು ಹೇಳಬೇಕೋ ತೋಚದೆ, “ಸೊರಗ್ಬುಟ್ಟಿದೀಯ” ಎಂದ. ಅವಳು “ಮಗ ಮಲಗ್ತದಾ ಈಗ?” ಎಂದಳು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಕಾರ್ಖಾನೆ ಅವಳನ್ನು ಮತ್ತೆ ಸೇರಿಸಿಕೊಳ್ಳಲಿಲ್ಲ. ರಾತ್ರಿ ಕೆಲಸದ ಬಗ್ಗೆ ನಾವು ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ದೂರು ಕೊಟ್ಟೆವು. ಏಳು ಗಂಟೆಗೆ ಹೆಂಗಸರನ್ನು ಬಿಡತೊಡಗಿದರು. ಚೌಡಮ್ಮ ಕೆಲವು ವರ್ಷ ಗಂಡನ ಜೊತೆ ತೋಟ ನೋಡಿಕೊಂಡು, ಆಮೇಲೆ ಬೊಮ್ಮನಹಳ್ಳಿಯ ಕಡೆ ಹೊಲಿಗೆ ಕೆಲಸ ಹಿಡಿದಳು. ಜೊತೆಗೆ ಆ ವಸಂತಪುರದ ಹುಡುಗಿಯನ್ನೂ ಕರೆದುಕೊಂಡು ಹೋಗುತ್ತಿದ್ದಳು. ಪ್ರಭಾಕರ ಆ ಡಿಸೆಂಬರಿನಲ್ಲಿ ಎಡಗಿವಿಯ ಕೇಳುವಿಕೆಯನ್ನು ಕಳೆದುಕೊಂಡು, ಮಿಕ್ಕಂತೆ ಗಟ್ಟಿಯಾಗಿ ಮನೆಗೆ ಬಂದ. ನಾನು ಈ ಕೇಸಿನ ಕತೆ ಹೇಳಿದಾಗ ಗಮನವಿಟ್ಟು ಕೇಳಿ, “ನಮಗೆ ಅಂಗಿ ಕಡಿಮೆ ಬೀಳಲಿಲ್ಲಕ್ಕ” ಎಂದು ನಕ್ಕ. ಅಮ್ಮ ನಗಲಿಲ್ಲ. ತೀರಿಕೊಳ್ಳುವವರೆಗೂ ಅವಳು ಆ ಕೇಸಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಅವಳದ್ದು ತಪ್ಪು ಎಂದು ನನಗೆ ಇವತ್ತಿಗೂ ಹೇಳಲಾಗುವುದಿಲ್ಲ.

ಆ ಅಧಿಕಾರಿಯನ್ನು ಕೆಲವೇ ವಾರಗಳಲ್ಲಿ ದೂರದ ಊರಿಗೆ, ಕೆಲಸವೇ ಇಲ್ಲದ ಜಾಗಕ್ಕೆ ವರ್ಗ ಮಾಡಿದರು. ನಿವೃತ್ತರಾದ ಮೇಲೆ ಆತ ಜಯನಗರದಲ್ಲೇ ಮನೆ ಮಾಡಿದ್ದರು. ನಾಲ್ಕನೇ ಬ್ಲಾಕಿನಲ್ಲಿ ಒಂದು ಬೆಳಿಗ್ಗೆ ತರಕಾರಿ ಚೀಲ ಹಿಡಿದು ಬರುತ್ತಿದ್ದವರು ನನ್ನನ್ನು ಕಂಡು ತಾವಾಗಿಯೇ ನಿಂತರು. ಮಾತಾಡುತ್ತ, ಜೈಲಿನ ಬಾಗಿಲಿಗೆ ಬರಬೇಕಿದ್ದ ಕಾಗದದ ವಿಷಯ ಕೇಳಿದೆ.

“ಕೋರ್ಟಿಂದ ಆಫೀಸಿಗೆ ಹೋಗೋಷ್ಟರಲ್ಲಿ ಹೊಸ ಆರ್ಡರ್ ಟೇಬಲ್ ಮೇಲಿತ್ತಮ್ಮ” ಎಂದರು. “ಈ ಸಲ ಫೈಲು ತರಿಸಿ ಓದಿದೆ. ಸುಳ್ಳು ಯಾಕೆ ಹೇಳಲಿ, ಸಹಿ ಹಾಕೋಕೆ ಏನಾದ್ರೂ ಕಾರಣ ಸಿಗಲಿ ಅಂತಾನೇ ಓದಿದೆ. ಕತ್ತಲಾದ ಮೇಲೆ ಹೊಲಿಯೋದಿಲ್ಲ ಅಂದಳು ಅನ್ನೋದು ಬಿಟ್ರೆ ಅದರಲ್ಲಿ ಏನೂ ಇರಲಿಲ್ಲ. ಅದನ್ನ ಭಾರತದ ರಕ್ಷಣೆಗೆ ಅಪಾಯ ಅಂತ ಬರೆಯೋಕೆ ಕೈ ಬರಲಿಲ್ಲ. ಆರ್ಡರ್ ಇಲ್ಲ, ಜೀಪು ವಾಪಸು ಬರಲಿ ಅಂತ ಚೀಟಿ ಕಳಿಸಿದೆ.”

“ಮೊದಲೇ ಓದಿದ್ರೆ ಇಷ್ಟೆಲ್ಲ ಆಗ್ತಿರಲಿಲ್ಲ ಅಲ್ವಾ ಸಾರ್?”

ಅವರು ಚೀಲವನ್ನು ಕೈ ಬದಲಿಸಿಕೊಂಡರು. “ಅದಕ್ಕೆ ಮೊದಲು, ಓದಿದ್ರಾ ಅಂತ ನನ್ನನ್ನ ಯಾರೂ ಕೇಳಿರಲಿಲ್ಲವಲ್ಲಮ್ಮ.”

ಬಹಳ ಕಾಲ ನಾನು ಈ ಕೇಸನ್ನು ಒಂದು ಗೆಲುವು ಎಂದೇ ಹೇಳಿಕೊಂಡು ತಿರುಗಿದೆ. ಆ ತುರ್ತು ಪರಿಸ್ಥಿತಿ ೧೯೬೮ರ ಜನವರಿಯವರೆಗೂ ನಡೆಯಿತು. ಅಷ್ಟರಲ್ಲಿ ನಮ್ಮ ಆಫೀಸಿಗೆ ಇನ್ನೂ ಕೆಲವು ಬಂಧನದ ಕೇಸುಗಳು ಬಂದವು. ಚೌಡಮ್ಮನ ಕೇಸು ಗೆದ್ದ ಧೈರ್ಯದಿಂದ ನಾವೂ ಹುರುಪಿನಲ್ಲಿದ್ದೆವು. ಒಂದನ್ನೂ ಗೆಲ್ಲಲಿಲ್ಲ. ಸರ್ಕಾರವೂ ಆ ಕೇಸಿನಿಂದ ಪಾಠ ಕಲಿತಿತ್ತು. ಸೈಕ್ಲೋಸ್ಟೈಲ್ ಹಾಳೆ ಹೋಗಿ ಅಚ್ಚುಕಟ್ಟಾಗಿ ಟೈಪ್ ಮಾಡಿದ ಆದೇಶ ಬಂತು. ಸಂಬಂಧವಿಲ್ಲದ ಕಾರಣಗಳನ್ನು ಹೊಡೆದು ಹಾಕತೊಡಗಿದರು. ಪ್ರತಿ ಪ್ರಮಾಣಪತ್ರದಲ್ಲೂ ಆ ಮೂರು ಸಾಲು ಇರುತ್ತಿತ್ತು: ಎಲ್ಲವನ್ನೂ ಜಾಗರೂಕತೆಯಿಂದ ಓದಿದೆ, ನನಗೆ ಮನವರಿಕೆಯಾಯಿತು, ಸಹಿ ಹಾಕಿದೆ. ಅವುಗಳಲ್ಲಿ ಎಷ್ಟು ನಿಜವೋ ಎಷ್ಟು ಸುಳ್ಳೋ ದೇವರೇ ಬಲ್ಲ. ಕೇಳುವ ಅಧಿಕಾರ ನಮಗಿರಲಿಲ್ಲ, ಕೋರ್ಟಿಗೂ ಇರಲಿಲ್ಲ.

ಮುಂದೆ ನಾನು ಸಂಜೆಯ ಕಾನೂನು ಕಾಲೇಜಿನಲ್ಲಿ ಹಲವು ವರ್ಷ ಸಂವಿಧಾನ ಪಾಠ ಮಾಡಿದೆ. ದೇಶದ ಭದ್ರತೆಯ ಕಾನೂನುಗಳ ವಿಷಯ ಬಂದಾಗ ವಿದ್ಯಾರ್ಥಿಗಳು ಈ ಕೇಸನ್ನು ಹೇಳಿಸಿಕೊಂಡು, ಆ ಅಧಿಕಾರಿ ಎಂಥ ಒಳ್ಳೆಯವರು ಮೇಡಂ ಎನ್ನುತ್ತಿದ್ದರು. ಹೌದು, ಒಳ್ಳೆಯವರೇ. ಆದರೆ ಚೌಡಮ್ಮ ಬಿಡುಗಡೆಯಾದದ್ದು ಕಾನೂನಿನಿಂದ ಅಲ್ಲ, ಒಬ್ಬ ಮನುಷ್ಯನಿಗೆ ಸುಳ್ಳು ಹೇಳಲು ಮನಸ್ಸು ಬಾರದ್ದರಿಂದ. ಅದು ಅವಳ ಅದೃಷ್ಟ. ಅದೃಷ್ಟಕ್ಕೆ ಹಕ್ಕು ಎಂದು ಹೆಸರಿಡಲಾಗದು. ನನ್ನ ವೃತ್ತಿ ನನಗೆ ಕಲಿಸಿದ್ದು ಇದನ್ನೇ. ಭದ್ರತೆಯ ಹೆಸರಿನಲ್ಲಿ ಯಾವ ಹೊಸ ಕಾನೂನು ಬಂದರೂ ಅದನ್ನು ಯಾರ ವಿರುದ್ಧ ಮಾಡಿದ್ದಾರೆ ಎಂದು ನಾನು ಮೊದಲು ನೋಡುವುದಿಲ್ಲ. ಓದದೆ ಸಹಿ ಹಾಕಿ, ಓದಿದೆ ಎಂದು ಪ್ರಮಾಣ ಮಾಡುವವನ ಕೈಯಲ್ಲಿ ಅದು ಹೇಗಿರುತ್ತದೆ ಎಂದು ಊಹಿಸಿಕೊಂಡು ಓದುತ್ತೇನೆ. ಆ ಕೈಯಲ್ಲೂ ಸಾರಕ್ಕಿಯ ಒಬ್ಬ ಹೆಂಗಸು ಸಂಜೆ ಏಳಕ್ಕೆ ಎದ್ದು ಮನೆಗೆ ಹೋಗಲು ಸಾಧ್ಯವಾದರೆ ಮಾತ್ರ ಅದು ಒಳ್ಳೆಯ ಕಾನೂನು.